ವೈರಸ್ಸಿನ ತವರೂರು

ಕಾಶಿಯಲ್ಲಿ ಹೆಸರಿಗಿಂತ ಮೊದಲು ಕೇಳುವುದು ಊರನ್ನು. ದೋಣಿಯವನು ಕೇಳುತ್ತಾನೆ, ಪಾನ್ ಅಂಗಡಿಯವನು ಕೇಳುತ್ತಾನೆ, ಬಾಡಿಗೆ ಮನೆಯ ಮಾಲೀಕರಂತೂ ಕೇಳಿಯೇ ಕೇಳುತ್ತಾರೆ. ಇದನ್ನು ಬರೀ ಕುತೂಹಲ ಅನ್ನಬೇಡಿ, ಈ ಊರು ಕಟ್ಟಿಕೊಂಡಿರುವ ರೀತಿಯೇ ಹಾಗಿದೆ. ಹನುಮಾನ್ ಘಾಟಿನ ಬಳಿ ನಮ್ಮ ಕರ್ನಾಟಕದ ಛತ್ರ, ಮೈಸೂರು ಸಂಸ್ಥಾನದ ಹೆಸರು ಹೊತ್ತ ಘಾಟು. ಗೋದೌಲಿಯಾದ ಹತ್ತಿರ ಜಂಗಮವಾಡಿ ಮಠ. ಬಂಗಾಳದವರಿಗೆ ಬಂಗಾಳಿ ಟೋಲಾ, ನೇಪಾಳದವರಿಗೆ ಅವರದೇ ದೇವಸ್ಥಾನ. ತೀರ್ಥಕ್ಷೇತ್ರಗಳ ಪಂಡಾಗಳು ನಿಮ್ಮ ಊರಿನ ಹೆಸರು ಕೇಳಿ ಹಳೆಯ ವಹಿ ಬಿಚ್ಚಿದರೆ ಅದರಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಕ್ಕರೂ ಸಿಗಬಹುದು.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಈ ವಹಿಯ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲೂ ಖಾತೆಯ ಸಂಖ್ಯೆಯ ಮೊದಲ ಕೆಲವು ಅಂಕಿಗಳನ್ನು ನೋಡಿದರೆ ಸಾಕು, ಖಾತೆ ಯಾವ ಶಾಖೆಯಲ್ಲಿ ಹುಟ್ಟಿದ್ದು ಅಂತ ಹೇಳಿಬಿಡುತ್ತಿದ್ದೆವು. ಖಾತೆದಾರ ಎಲ್ಲಿಗೇ ವರ್ಗವಾಗಿ ಹೋಗಲಿ, ಶಾಖೆಯ ಕೋಡು ಬೆನ್ನು ಬಿಡದು. ಯಕೃತ್ತಿಗೆ ಅಂಟುವ ಒಂದು ವೈರಸ್ಸಿಗೂ ಹೀಗೆಯೇ ಶಾಖೆಯ ಕೋಡು ಇರುತ್ತದೆ ಅಂತ ನನಗೆ ಗೊತ್ತಾದದ್ದು ಐವತ್ತು ತುಂಬಿದ ಮೇಲೆ. ಅದರ ಹೆಸರು ಹೆಪಟೈಟಿಸ್ ಸಿ. ಹೊರನಾಡಿನಲ್ಲಿ ಬದುಕಿದವರ ಪುಸ್ತಕದಲ್ಲಿ ರೋಗದ ಮಾತೇಕೆ ಅಂತ ನಿಮಗೆ ಅನ್ನಿಸಬಹುದು. ಊರು ಬಿಟ್ಟವನು ಏನೇನು ಹೊತ್ತು ತಂದ, ಏನೇನು ಹೊಸ ಊರಿನಿಂದ ಪಡೆದ ಅನ್ನುವ ಪ್ರಶ್ನೆಗೆ ಇದಕ್ಕಿಂತ ಖಚಿತವಾದ ಲೆಕ್ಕದ ಪುಸ್ತಕ ನಾನು ನೋಡಿಲ್ಲ.

ಕಾಮಾಲೆ ಅಂದರೆ ನಮ್ಮವರಿಗೆ ಹಳೆಯ ಪರಿಚಯ. ಸುಶ್ರುತನಿಗೆ ವೈದ್ಯ ಕಲಿಸಿದವನು ಕಾಶಿಯ ರಾಜ ದಿವೋದಾಸ ಅನ್ನುವುದು ಆಯುರ್ವೇದದ ಪರಂಪರೆ. ಅಂದರೆ ಈ ಊರಿಗೆ ರೋಗಿಗಳು ಬರಲು ಶುರುವಾಗಿ ಬಹಳ ಕಾಲವಾಯಿತು. ಆದರೆ ಕಣ್ಣು ಹಳದಿಯಾಗುವ ಕಾಯಿಲೆ ಒಂದೇ ಅಲ್ಲ, ಹಲವು ಅನ್ನುವುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕೆಲವು ನೀರಿನಿಂದ ಬರುತ್ತವೆ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನಕ್ಕೆ ಕಾಮಾಲೆಯಾಯಿತು. ಅದು ಇಂದು ನಾವು ಹೆಪಟೈಟಿಸ್ ಇ ಅನ್ನುವ ಕಾಯಿಲೆ ಎಂದು ಮುಂದೆ ಗೊತ್ತಾಯಿತು. ಇನ್ನು ಕೆಲವು ರಕ್ತದಿಂದ ಬರುತ್ತವೆ. ಅಮೆರಿಕದ ಬ್ಲೂಂಬರ್ಗ್ 1960ರ ದಶಕದಲ್ಲಿ ಹೆಪಟೈಟಿಸ್ ಬಿಯ ಸುಳಿವು ಹಿಡಿದರು. ರಕ್ತದಲ್ಲಿ ಅದನ್ನು ಸೋಸಿ ತೆಗೆದರೂ ರಕ್ತ ಪಡೆದವರಲ್ಲಿ ಕಾಮಾಲೆ ನಿಲ್ಲಲಿಲ್ಲ. 1975ರಲ್ಲಿ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು ಇದು ಎಯೂ ಅಲ್ಲ ಬಿಯೂ ಅಲ್ಲ ಅಂತ ಹೇಳಿದರು. ಹೆಸರಿಲ್ಲದ ಆ ಖಾತೆಗೆ ಹದಿನಾಲ್ಕು ವರ್ಷ ಹೆಸರೇ ಸಿಗಲಿಲ್ಲ. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಅವರ ಜೊತೆಗಾರರು ವೈರಸ್ಸನ್ನು ಗುರುತಿಸಿ ಅದಕ್ಕೆ ಸಿ ಅಂತ ಹೆಸರಾಯಿತು. ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಮೂವರಿಗೂ ಇದಕ್ಕಾಗಿ 2020ರಲ್ಲಿ ನೊಬೆಲ್ ಬಂತು.

ಹೆಸರು ಸಿಕ್ಕ ಮೇಲೆ ಜಗತ್ತಿನ ಬೇರೆ ಬೇರೆ ಕಡೆಯ ರೋಗಿಗಳ ರಕ್ತದಿಂದ ವೈರಸ್ಸಿನ ಅಕ್ಷರಗಳನ್ನು ಓದತೊಡಗಿದರು. ಇದರ ಬರಹ ಸುಮಾರು 9,600 ಅಕ್ಷರಗಳದ್ದು. ಓದಿ ಹೋಲಿಸಿದಾಗ ಒಂದೇ ವೈರಸ್ಸು ಅಂದುಕೊಂಡದ್ದು ದೊಡ್ಡ ಕುಟುಂಬವಾಗಿತ್ತು. ಒಂದು ಬಳಗಕ್ಕೂ ಇನ್ನೊಂದಕ್ಕೂ ನೂರಕ್ಕೆ ಮೂವತ್ತರಷ್ಟು ಅಕ್ಷರ ವ್ಯತ್ಯಾಸ. ಈ ಬಳಗಗಳಿಗೇ ಜೀನೋಟೈಪ್ ಅನ್ನುತ್ತಾರೆ. 1990ರ ದಶಕದಲ್ಲಿ ಆರು ಅಂತ ಎಣಿಸಿದ್ದರು, ಈಗ ಎಂಟು. ಒಂದೊಂದರೊಳಗೆ ಎ, ಬಿ, ಸಿ ಅಂತ ಉಪಪಂಗಡಗಳು.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಕನ್ನಡದ ಲೆಕ್ಕದಲ್ಲಿ. ಒಬ್ಬ "ಬರ್ರೀ, ಕುಂದರ್ರೀ" ಅಂದರೆ ಧಾರವಾಡದ ಕಡೆಯವನು, "ಎಂತ ಮಾರಾಯ್ರೆ" ಅಂದರೆ ಕರಾವಳಿಯವನು ಅಂತ ಪಟ್ಟನೆ ಹೇಳುತ್ತೇವೆ. ಒಂದು ಮಾತು ಒಂದೇ ಕಡೆ ಬಹಳ ಕಾಲ ಬೇರೂರಿದ್ದರೆ ಅಲ್ಲಿ ಹತ್ತು ಮೈಲಿಗೊಂದು ಧಾಟಿ ಹುಟ್ಟುತ್ತದೆ. ಹೊಸದಾಗಿ ಹೋದ ಕಡೆ ಒಂದೋ ಎರಡೋ ಧಾಟಿ ಮಾತ್ರ ಇರುತ್ತದೆ. ವೈರಸ್ಸೂ ಹಾಗೆಯೇ. ಎಲ್ಲಿ ಉಪಪಂಗಡಗಳು ಹೆಚ್ಚೋ ಅಲ್ಲಿ ಅದು ಹಳೆಯ ಕಾಲದಿಂದ ಇದೆ ಅಂತ ಅರ್ಥ. ಈ ಲೆಕ್ಕದ ಪ್ರಕಾರ ಒಂದು ಮತ್ತು ಎರಡನೆಯ ಬಳಗಗಳ ಹಳೆಯ ಬೇರು ಆಫ್ರಿಕಾದ ಪಶ್ಚಿಮದ ಕಡೆಗೆ ಹೋಗುತ್ತದೆ. ನಾಲ್ಕನೆಯದು ಮಧ್ಯ ಆಫ್ರಿಕಾ ಮತ್ತು ಈಜಿಪ್ಟಿನದು, ಐದನೆಯದು ಹೆಚ್ಚಾಗಿ ದಕ್ಷಿಣ ಆಫ್ರಿಕಾದಲ್ಲಿ, ಆರನೆಯದು ಆಗ್ನೇಯ ಏಷ್ಯಾದಲ್ಲಿ. ಮೂರನೆಯದರ ತವರು ನಮ್ಮದೇ ದಕ್ಷಿಣ ಏಷ್ಯಾ. 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಲೆಕ್ಕದಂತೆ ಪ್ರಪಂಚದ ಹೆಪಟೈಟಿಸ್ ಸಿ ಸೋಂಕಿನಲ್ಲಿ ಒಂದನೆಯ ಬಳಗದ್ದು ಶೇ. 46, ಮೂರನೆಯದ್ದು ಶೇ. 30. ಮೂರನೆಯದರ ಮುಕ್ಕಾಲು ಪಾಲು ಇರುವುದು ದಕ್ಷಿಣ ಏಷ್ಯಾದಲ್ಲಿ.

ಏಳನೆಯದು ಮತ್ತು ಎಂಟನೆಯದು ಸಿಕ್ಕ ಕಥೆ ಕೇಳಿದರೆ ಹೊರನಾಡಿಗರಾದ ನಮಗೆ ಕಿವಿ ನೆಟ್ಟಗಾಗುತ್ತದೆ. ಎರಡೂ ಪತ್ತೆಯಾದದ್ದು ಕೆನಡಾದಲ್ಲಿ. ಏಳನೆಯದು ಆಫ್ರಿಕಾದ ಕಾಂಗೋದಿಂದ ಅಲ್ಲಿಗೆ ವಲಸೆ ಹೋದವರಲ್ಲಿ. ಎಂಟನೆಯದು ನಮ್ಮ ಪಂಜಾಬಿನಿಂದ ಅಲ್ಲಿಗೆ ಹೋಗಿ ನೆಲೆಸಿದ ನಾಲ್ವರಲ್ಲಿ. ಅದು ಪ್ರಕಟವಾದದ್ದು 2018ರಲ್ಲಿ. ಊರಿನಲ್ಲೇ ಇದ್ದಿದ್ದರೆ ಅವರ ರಕ್ತದ ಧಾಟಿಯನ್ನು ಯಾರೂ ಅಷ್ಟು ಗಮನವಿಟ್ಟು ಓದುತ್ತಿರಲಿಲ್ಲವೋ ಏನೋ. ಪರದೇಶದಲ್ಲಿ ನಿಂತಾಗಲೇ ನಮ್ಮ ಮಾತು ಬೇರೆಯವರ ಕಿವಿಗೆ ಬೇರೆಯಾಗಿ ಕೇಳಿಸುವುದು.

ಈ ವೈರಸ್ಸಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಗಾಳಿಯಲ್ಲಿ ಬಾರದು, ನೀರಿನಲ್ಲಿ ಬಾರದು, ಒಂದೇ ತಟ್ಟೆಯಲ್ಲಿ ಉಂಡರೂ ಬಾರದು. ರಕ್ತಕ್ಕೆ ರಕ್ತ ತಾಗಬೇಕು. ಹಾಗಾದರೆ ಅದು ಖಂಡದಿಂದ ಖಂಡಕ್ಕೆ ಹೋದದ್ದು ಹೇಗೆ? ಮನುಷ್ಯನನ್ನು ಮನುಷ್ಯ ಹೊತ್ತುಕೊಂಡು ಹೋದಾಗ ಹೋಯಿತು, ಸೂಜಿಯನ್ನು ಮನುಷ್ಯ ಕಂಡುಹಿಡಿದ ಮೇಲೆ ಹಬ್ಬಿತು. ಕೆರಿಬಿಯನ್ ದ್ವೀಪಗಳಲ್ಲಿ ಇರುವ ಎರಡನೆಯ ಬಳಗ ಪಶ್ಚಿಮ ಆಫ್ರಿಕಾದಿಂದ ಗುಲಾಮರ ಹಡಗುಗಳಲ್ಲಿ ಬಂದದ್ದು ಎಂದು ಸಂಶೋಧಕರು ಅದರ ಅಕ್ಷರಗಳಿಂದಲೇ ಲೆಕ್ಕ ಹಾಕಿದ್ದಾರೆ. ಗುಲಾಮರ ಹೆಸರನ್ನು ಯಾವ ವಹಿಯೂ ಸರಿಯಾಗಿ ಬರೆದಿಡಲಿಲ್ಲ, ಅವರ ರಕ್ತದಲ್ಲಿದ್ದ ವೈರಸ್ಸು ಬರೆದಿಟ್ಟಿತು.

ಈಜಿಪ್ಟಿನದು ಇನ್ನೊಂದು ಕಥೆ. ನೈಲ್ ನದಿಯ ರೈತರಿಗೆ ಬಸವನಹುಳುವಿನ ಮೂಲಕ ಬರುವ ಶಿಸ್ಟೊಸೋಮ ಎಂಬ ಹುಳುವಿನ ಕಾಟ. 1950ರಿಂದ 1980ರ ದಶಕದವರೆಗೆ ಸರ್ಕಾರವೇ ಹಳ್ಳಿಹಳ್ಳಿಗೆ ಹೋಗಿ ಆಂಟಿಮನಿ ಲೋಹದ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿಸಿತು. ಗಾಜಿನ ಸಿರಿಂಜು, ಸರಿಯಾಗಿ ಕುದಿಸದ ಸೂಜಿ, ಮುಂದೆ ಸಾಲಾಗಿ ನಿಂತ ಜನ. ಒಂದು ರೋಗ ಹೋಗಲಿ ಅಂತ ಮಾಡಿದ್ದು ಇನ್ನೊಂದನ್ನು ಹಂಚಿತು. ನಾಲ್ಕನೆಯ ಬಳಗ ಆ ದೇಶದಲ್ಲಿ ಅಷ್ಟೊಂದು ಹಬ್ಬಿದ್ದು ಹೀಗೆ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಸುತ್ತಲಿನ ಪೂರ್ವಾಂಚಲ, ಬಿಹಾರಗಳ ಕಾಲಾ ಅಜಾರ್. ಅದಕ್ಕೂ ಅದೇ ಆಂಟಿಮನಿ. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ದಶಕದಲ್ಲಿ ತಯಾರಿಸಿದ ಯೂರಿಯಾ ಸ್ಟಿಬಮೀನ್ ಲಕ್ಷಾಂತರ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಂಟಿಮನಿ ಚಿಕಿತ್ಸೆಯೆಂದರೆ ವಾರಗಟ್ಟಲೆ ಇಂಜೆಕ್ಷನ್. ಹೀಗೆ ಪದೇ ಪದೇ ಚುಚ್ಚಿಸಿಕೊಂಡ ಕಾಲಾ ಅಜಾರ್ ರೋಗಿಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಹೆಚ್ಚು ಎಂದು ದೆಹಲಿಯ ವೈದ್ಯರು 2000ದಲ್ಲಿ ಬರೆದರು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯ ಶ್ಯಾಮ್ ಸುಂದರ್ ಅವರಂಥವರ ಕೆಲಸದಿಂದ ಬಾಯಿಗೆ ನುಂಗುವ ಔಷಧಿಯೂ, ಒಂದೇ ಸಲ ಕೊಡುವ ಚಿಕಿತ್ಸೆಯೂ ಬಂದು ಆ ಸೂಜಿಯ ಸಾಲು ಕರಗಿತು.

ನಮ್ಮ ಜನಕ್ಕೆ ಸೂಜಿಯ ಮೇಲೆ ವಿಚಿತ್ರವಾದ ನಂಬಿಕೆ. ಮಾತ್ರೆ ಕೊಟ್ಟ ಡಾಕ್ಟರು ಅರ್ಧ ಡಾಕ್ಟರು, ಸೂಜಿ ಚುಚ್ಚಿದವರು ಪೂರ್ಣ. 2002-03ರಲ್ಲಿ ದೇಶದಾದ್ಯಂತ ನಡೆದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಇಂಜೆಕ್ಷನ್ನುಗಳು ಸುರಕ್ಷಿತವಲ್ಲ ಅಂತ ತಿಳಿದುಬಂತು. ರಕ್ತದ ವಿಷಯಕ್ಕೆ ಬಂದರೆ, ದುಡ್ಡಿಗೆ ರಕ್ತ ಮಾರುವುದು ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ ನಿಂತದ್ದು 1998ರ ಜನವರಿಯಲ್ಲಿ. ಕೊಟ್ಟ ರಕ್ತವನ್ನೆಲ್ಲ ಹೆಪಟೈಟಿಸ್ ಸಿಗಾಗಿ ಪರೀಕ್ಷಿಸುವುದು ಕಡ್ಡಾಯವಾದದ್ದು 2000ದ ದಶಕದ ಆರಂಭದಲ್ಲಿ.

ಈ ತಾರೀಖುಗಳನ್ನು ಎದುರಿಗಿಟ್ಟುಕೊಂಡು ನನ್ನ ಖಾತೆ ನೋಡಿ. 1987ರಲ್ಲಿ ರಜೆಗೆ ಊರಿಗೆ ಹೋಗಿದ್ದಾಗ, ತರೀಕೆರೆಯ ಹತ್ತಿರ, ನನ್ನ ಮೋಟಾರ್ ಸೈಕಲ್ಲಿಗೆ ಲಾರಿ ಗುದ್ದಿತು. ತೊಡೆಯ ಮೂಳೆ ಮುರಿದು ರಕ್ತ ಬಹಳ ಹೋಯಿತು. ಸೇರಿಸಿದ ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಬೇಕು ಅಂದರು. ಮನೆಯವರದ್ದು ಹೊಂದಲಿಲ್ಲ. ಹೊರಗೆ ದುಡ್ಡಿಗೆ ಕೊಡುವವರು ಇದ್ದರು. ಅಮ್ಮ ಕೈಯ ಬಳೆ ಬಿಚ್ಚಿ ಸೇಟುವಿನ ಅಂಗಡಿಯಲ್ಲಿಟ್ಟು ಹಣ ತಂದಳು. ನಾನು ಉಳಿದೆ. "ನನ್ನ ಬಳೆ ಇವನ ಮೈಯಲ್ಲಿ ಓಡಾಡ್ತಿದೆ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಅವಳ ಜೀವಮಾನದ ಹೆಮ್ಮೆ.

1993ರಲ್ಲಿ ನನ್ನನ್ನು ವಾರಾಣಸಿಗೆ ವರ್ಗ ಮಾಡಿದರು. ಎರಡು ವರ್ಷಕ್ಕೆ ಅಂತ ಬಂದವನು ಹಿಂದಿ ಕಲಿತು, ಮಕ್ಕಳು ಇಲ್ಲಿನ ಶಾಲೆ ಸೇರಿ, ಕೊನೆಗೆ ಕೇಳಿಯೇ ಉಳಿದುಕೊಂಡೆ. 2009ರಲ್ಲಿ ಶಾಖೆಯ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟೆ. ವಾರದ ನಂತರ ಫೋನ್ ಬಂತು. ನಿಮ್ಮ ರಕ್ತ ಬಳಸುವ ಹಾಗಿಲ್ಲ, ಬಂದು ಹೋಗಿ ಅಂದರು. ಇಪ್ಪತ್ತೆರಡು ವರ್ಷ ಆ ವೈರಸ್ಸು ನನ್ನೊಳಗೆ ಸದ್ದಿಲ್ಲದೆ ಬಡ್ಡಿ ಬೆಳೆಸಿತ್ತು. ಇದರ ಸ್ವಭಾವವೇ ಅದು. ಸೋಂಕಾದ ಹತ್ತು ಜನರಲ್ಲಿ ಮೂವರು ತಾವಾಗಿಯೇ ಗೆಲ್ಲುತ್ತಾರೆ, ಉಳಿದ ಏಳು ಜನರಲ್ಲಿ ಅದು ಮನೆ ಮಾಡುತ್ತದೆ. ಹಾಗೆ ಮನೆ ಮಾಡಿದವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಗೆ ಇಪ್ಪತ್ತು ವರ್ಷದೊಳಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ನನಗಿನ್ನೂ ಅಲ್ಲಿಗೆ ಹೋಗಿರಲಿಲ್ಲ.

ಡಾಕ್ಟರು ಜೀನೋಟೈಪ್ ಪರೀಕ್ಷೆಗೆ ಬರೆದರು. ಆಗ ಅದು ಬೇಕೇ ಬೇಕಿತ್ತು, ಯಾಕೆಂದರೆ ಬಳಗದ ಮೇಲೆ ಚಿಕಿತ್ಸೆಯ ಅವಧಿ ನಿಂತಿತ್ತು. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ದಿನವೂ ರಿಬಾವಿರಿನ್ ಮಾತ್ರೆ. ಮೂರನೆಯ ಬಳಗಕ್ಕೆ 24 ವಾರ, ಒಂದನೆಯದಕ್ಕೆ 48 ವಾರ. ಅಷ್ಟು ಮಾಡಿದರೂ ಒಂದನೆಯದರಲ್ಲಿ ಗುಣವಾಗುವವರು ಹೆಚ್ಚುಕಡಿಮೆ ಅರ್ಧ ಜನ, ಮೂರನೆಯದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಂತ ಮೂರನೆಯದು ಸಾಧು ಅಂತಲ್ಲ. ಅದು ಲಿವರಿನಲ್ಲಿ ಕೊಬ್ಬು ಕೂಡಿಸುತ್ತದೆ, ಬೇಗ ಗಟ್ಟಿಯಾಗಿಸುತ್ತದೆ, ಕ್ಯಾನ್ಸರಿನ ಅಪಾಯವೂ ಅದರಲ್ಲಿ ಜಾಸ್ತಿ. ಒಂದೊಂದು ಊರಿನವರಿಗೆ ಒಂದೊಂದು ಗುಣ ಅನ್ನುತ್ತಾರಲ್ಲ, ಹಾಗೆ.

"ಈ ಕಡೆ ಬಹುತೇಕ ಮೂರೇ ಬರೋದು, ಆರು ತಿಂಗಳಲ್ಲಿ ಮುಗಿದೀತು" ಅಂತ ಡಾಕ್ಟರು ಸಮಾಧಾನ ಹೇಳಿದ್ದರು. ವರದಿ ಬಂದಾಗ ಅದರಲ್ಲಿದ್ದದ್ದು ಒಂದು. ಅವರು ಕಾಗದದಿಂದ ತಲೆಯೆತ್ತಿ ಹಿಂದಿಯಲ್ಲಿ ಕೇಳಿದರು: "ನೀವು ಮೂಲತಃ ಎಲ್ಲಿಯವರು?"

ಆ ಪ್ರಶ್ನೆಗೆ ಕಾರಣವಿತ್ತು. ಉತ್ತರ ಭಾರತದಲ್ಲಿ ಮೂರನೆಯ ಬಳಗದ್ದೇ ದರಬಾರು. ದಕ್ಷಿಣಕ್ಕೆ ಇಳಿದಂತೆ ಒಂದನೆಯದರ ಪಾಲು ಏರುತ್ತದೆ. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಕಡೆ ಬರ್ಮಾ ಗಡಿಯ ನಂಟಿನಿಂದ ಆರನೆಯದು ಕಾಣಿಸುತ್ತದೆ. ದೇಶದ ಮೂಲೆಮೂಲೆಯಿಂದ ರೋಗಿಗಳು ಹೋಗುವ ವೆಲ್ಲೂರಿನ ಆಸ್ಪತ್ರೆಯ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಅಲ್ಲಿಯೂ ಒಟ್ಟಿನಲ್ಲಿ ಮೂರನೆಯದೇ ಹೆಚ್ಚು, ನಂತರ ಒಂದನೆಯದು.

ನನ್ನ ವೈರಸ್ಸು ಕಾಶಿಯದಲ್ಲ, ಬಹುಶಃ ನಮ್ಮ ಕಡೆಯದೇ ಅಂತಾಯಿತು. ಬಹುಶಃ ಅನ್ನುವ ಪದವನ್ನು ಬೇಕೆಂದೇ ಬರೆದಿದ್ದೇನೆ. ಒಂದನೆಯ ಬಳಗ ಇಲ್ಲೂ ಇದೆ, ಮೂರನೆಯದು ನಮ್ಮಲ್ಲೂ ಇದೆ. ಜೀನೋಟೈಪ್ ಹೇಳುವುದು ವೈರಸ್ಸಿನ ತವರನ್ನೇ ಹೊರತು ಮನುಷ್ಯನದ್ದಲ್ಲ. ಧಾರವಾಡದಲ್ಲಿ ಬೆಳೆದ ಮೈಸೂರಿನವನು ಧಾರವಾಡದ ಮಾತನ್ನೇ ಆಡುತ್ತಾನೆ. ಕೋರ್ಟಿನಲ್ಲಿ ಇದು ಸಾಕ್ಷಿಯಾಗದು. ಆದರೆ 1987ರ ಮೂರು ಬಾಟಲಿ ಬಿಟ್ಟರೆ ನನ್ನ ಲೆಕ್ಕದಲ್ಲಿ ಬೇರೆ ನಮೂದು ಇರಲಿಲ್ಲ.

ಇತ್ತ ಊರಿನಲ್ಲಿ ತೀರ್ಪು ಆಗಲೇ ಆಗಿತ್ತು. "ಹೆಣ ತೇಲೋ ನೀರು ಕುಡಿದ್ರೆ ಇನ್ನೇನಾಗತ್ತೆ" ಅಂತ ಚಿಕ್ಕಪ್ಪ. "ನಮ್ಮೂರಲ್ಲಿದ್ದಿದ್ದರೆ ಇದೆಲ್ಲ ಬರ್ತಿತ್ತಾ" ಅಂತ ಅಕ್ಕ. ಅಮ್ಮ ಫೋನಿನಲ್ಲಿ ಅಳುತ್ತಿದ್ದಳು: "ಆ ಊರು ಬಿಟ್ಟು ಬಂದುಬಿಡು, ಆ ನೀರು ನಿನಗೆ ಆಗಿಬರಲ್ಲ." ಇದು ನೀರಿನಿಂದ ಬರುವುದಲ್ಲ ಅಂತ ಮಾತ್ರ ಹೇಳಿದೆ. ಹಾಗಾದರೆ ಯಾವುದರಿಂದ ಅಂತ ಅವಳು ಕೇಳಿದಳು. ಬಳೆ ಮಾರಿ ನೀನು ತಂದ ರಕ್ತದಿಂದ ಅಂತ ಯಾವ ಮಗ ಹೇಳುತ್ತಾನೆ? ಆ ರಕ್ತ ಇಲ್ಲದಿದ್ದರೆ ನಾನು ಇಪ್ಪತ್ತೆಂಟಕ್ಕೇ ಮುಗಿಯುತ್ತಿದ್ದೆ. ಜಮೆಯೂ ಅದೇ ಸಾಲಿನಲ್ಲಿ, ಖರ್ಚೂ ಅದೇ ಸಾಲಿನಲ್ಲಿ. 1987ರಲ್ಲಿ ಈ ವೈರಸ್ಸಿಗೆ ಹೆಸರೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ರಕ್ತ ಮಾರಿದ ಆ ಬಡವನಿಗೂ ತನ್ನೊಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಅಮ್ಮ 2014ರಲ್ಲಿ ಗಂಗೆಯನ್ನು ಬೈಯುತ್ತಲೇ ತೀರಿಕೊಂಡಳು. ಅವಳ ಅಸ್ಥಿಯನ್ನು ನಾನು ಅದೇ ಗಂಗೆಯಲ್ಲಿ ಬಿಟ್ಟೆ. ಗಂಗೆ ಇಂಥ ಬೈಗುಳ ಎಷ್ಟು ಕೇಳಿದ್ದಾಳೋ.

48 ವಾರದ ಚಿಕಿತ್ಸೆ ಮಾಡಿಸಿಕೊಂಡೆ. ಇಂಜೆಕ್ಷನ್ ದಿನ ರಾತ್ರಿಯೆಲ್ಲ ಜ್ವರ, ಕೂದಲು ಉದುರಿತು, ಸಣ್ಣದಕ್ಕೂ ಸಿಟ್ಟು. ಕೌಂಟರಿನಲ್ಲಿ ಹುಡುಗರು ನನ್ನ ಮುಖ ನೋಡಿಯೇ ದೂರ ಹೋಗುತ್ತಿದ್ದರು. ವೈರಸ್ಸು ಮಾಯವಾಯಿತು, 2011ರಲ್ಲಿ ಮತ್ತೆ ಬಂತು. ಈ ಔಷಧಿಯ ಫಲ ರೋಗಿಯ ವಂಶವಾಹಿಯ ಮೇಲೂ ನಿಂತಿರುತ್ತದೆ ಅಂತ 2009ರಲ್ಲೇ ಗೊತ್ತಾಗಿತ್ತು. ಐಎಲ್ 28ಬಿ ಎಂಬ ಜೀನಿನ ಬಳಿ ಒಂದೇ ಒಂದು ಅಕ್ಷರ ಬೇರೆಯಾದರೆ ಗುಣವಾಗುವ ಸಾಧ್ಯತೆ ಬೇರೆಯಾಗುತ್ತದೆ. ಆಫ್ರಿಕಾ ಮೂಲದ ಅಮೆರಿಕನ್ನರಿಗೂ ಯೂರೋಪ್ ಮೂಲದವರಿಗೂ ಇದ್ದ ವ್ಯತ್ಯಾಸದಲ್ಲಿ ಸುಮಾರು ಅರ್ಧಕ್ಕೆ ಈ ಒಂದು ಅಕ್ಷರವೇ ಕಾರಣವಾಗಿತ್ತು. ವೈರಸ್ಸಿನ ಊರೂ ಲೆಕ್ಕಕ್ಕೆ ಬಂತು, ನಮ್ಮ ಅಜ್ಜಂದಿರ ಊರೂ ಬಂತು.

2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆ ಬಂತು. ಬೆಲೆ ಒಂದಕ್ಕೆ 1,000 ಡಾಲರ್, 12 ವಾರಕ್ಕೆ 84,000. ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆ. ಆದರೆ 2014ರಲ್ಲಿ ಮೂಲ ಕಂಪನಿ ಭಾರತದ ಕಂಪನಿಗಳಿಗೆ ಪರವಾನಗಿ ಕೊಟ್ಟಿತು, 2015ರಲ್ಲಿ 28 ಮಾತ್ರೆಯ ಡಬ್ಬಿ 19,900 ರೂಪಾಯಿಗೆ ಇಲ್ಲೇ ಬಂತು, ಬರುಬರುತ್ತಾ ಇನ್ನೂ ಇಳಿಯಿತು. 2016ರಲ್ಲಿ ನಾನು ಅದನ್ನು ಲೆಡಿಪಾಸ್‌ವಿರ್ ಜೊತೆ 12 ವಾರ ನುಂಗಿದೆ. ಜ್ವರವಿಲ್ಲ, ಸೂಜಿಯಿಲ್ಲ. ಮುಗಿದ ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಸ್ಸು ಇರಲಿಲ್ಲ. ಆಮೇಲೂ ಬರಲಿಲ್ಲ. ನಿವೃತ್ತಿಯಾದದ್ದು 2019ರಲ್ಲಿ, ಉಳಿದದ್ದು ಇಲ್ಲೇ.

2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುಮಾಡಿ ಈ ಚಿಕಿತ್ಸೆಯನ್ನು ಉಚಿತ ಮಾಡಿತು. ಈಜಿಪ್ಟು ತನ್ನ ಹಳೆಯ ಸೂಜಿಯ ಸಾಲ ತೀರಿಸಲು 2018-19ರಲ್ಲಿ ಐದು ಕೋಟಿಯಷ್ಟು ಜನರ ರಕ್ತ ಪರೀಕ್ಷಿಸಿತು. ವೆಲ್ಪಾಟಾಸ್‌ವಿರ್‌ನಂಥ ಈಗಿನ ಔಷಧಿಗಳು ಎಲ್ಲ ಬಳಗಕ್ಕೂ ನಡೆಯುತ್ತವೆ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹೆಚ್ಚಿನವರಿಗೆ ಜೀನೋಟೈಪ್ ಪರೀಕ್ಷೆಯೇ ಬೇಕಿಲ್ಲ. ಹೀಗಾಗಿ ಆ ಪರೀಕ್ಷೆ ಇನ್ನು ಹೆಚ್ಚಾಗಿ ಇತಿಹಾಸದ ಕೆಲಸಕ್ಕೇ ಸೇರೀತು.

ಕೊನೆಗೊಂದು ಮಾತು. 2001ಕ್ಕಿಂತ ಹಿಂದೆ ನೀವು ರಕ್ತ ತೆಗೆದುಕೊಂಡಿದ್ದರೆ, ದೊಡ್ಡ ಆಪರೇಷನ್ ಆಗಿದ್ದರೆ, ಹಳ್ಳಿಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನ ಚುಚ್ಚಿಸಿಕೊಂಡ ಕಾಲ ನೆನಪಿದ್ದರೆ, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಅದು ಎಲ್ಲಿಂದ ಬಂತು, ಯಾರಿಂದ ಬಂತು ಅಂತ ಬಂಧುಗಳು ಪಂಚಾಯ್ತಿ ಮಾಡಲಿ ಬಿಡಿ. ಅಷ್ಟರಲ್ಲಿ ನೀವು 12 ವಾರದ ಮಾತ್ರೆ ಮುಗಿಸಿಕೊಂಡು ಬರಬಹುದು.